ಇರಿಯೊಮೊಟೆ: ದೋಣಿಯಲ್ಲಷ್ಟೇ ತಲುಪಬಹುದಾದ ಕಾಡು

ಜಪಾನಿನ ಭೂಪಟದಲ್ಲಿ ಟೋಕಿಯೋದಿಂದ ನೈರುತ್ಯಕ್ಕೆ ಬೆರಳು ಸರಿಸುತ್ತ ಹೋದರೆ, ಕ್ಯುಶು ದಾಟಿ, ಒಕಿನಾವಾ ದಾಟಿ, ಇನ್ನೇನು ತೈವಾನ್ ಬಂತು ಎನ್ನುವಷ್ಟರಲ್ಲಿ ಯಾಯೆಯಾಮಾ ಎಂಬ ದ್ವೀಪಗಳ ಗುಂಪು ಸಿಗುತ್ತದೆ. ಅದರಲ್ಲಿ ಅತಿ ದೊಡ್ಡದು ಇರಿಯೊಮೊಟೆ. ವಿಸ್ತೀರ್ಣ ಸುಮಾರು 289 ಚದರ ಕಿಲೋಮೀಟರ್, ಜನಸಂಖ್ಯೆ ಎರಡೂವರೆ ಸಾವಿರದ ಒಳಗೆ, ನೆಲದ ಶೇಕಡಾ 90ರಷ್ಟು ದಟ್ಟ ಕಾಡು. ವಿಮಾನ ನಿಲ್ದಾಣವಿಲ್ಲ, ಸೇತುವೆಯಿಲ್ಲ. ಪಕ್ಕದ ಇಶಿಗಾಕಿ ದ್ವೀಪದಿಂದ ದೋಣಿಯಲ್ಲಿ ಬರುವುದೊಂದೇ ದಾರಿ. ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ತುಸುವೇ ಉತ್ತರಕ್ಕಿರುವ ಈ ದ್ವೀಪದಲ್ಲಿ ವರ್ಷಕ್ಕೆ 2300 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ.

ನಾವು ಚಿತ್ರದುರ್ಗದವರು. ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸಿನ ಮಳೆಯಲ್ಲಿ ಬಾಳು ಸಾಗಿಸುವವರು. 1933ರಲ್ಲಿ ಕೋಡಿ ಬಿದ್ದಿದ್ದ ವಾಣಿವಿಲಾಸ ಸಾಗರ ಮತ್ತೆ 2022ರಲ್ಲಿ ತುಂಬಿ ಹರಿದಾಗ, ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಮಾರಿಕಣಿವೆಗೆ ಹೋಗಿ ಕಣ್ತುಂಬ ನೋಡಿ ಬಂದವರು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳಿ ನಿವೃತ್ತಳಾದ ನನಗೆ, ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡನ್ನು ಅದರ ಮಡಿಲಲ್ಲೇ ಕುಳಿತು ನೋಡಬೇಕೆಂಬ ಆಸೆ ಬಹಳ ಹಳೆಯದು. ಹೊಳಲ್ಕೆರೆಯ ಕಡೆ ಅಡಿಕೆ ತೋಟ ನೋಡಿಕೊಳ್ಳುವ ನನ್ನ ಯಜಮಾನರಿಗೆ ನೀರು ಎಲ್ಲಿ ಹೇರಳವಾಗಿದೆಯೋ ಅದೇ ಪುಣ್ಯಕ್ಷೇತ್ರ. ಟೋಕಿಯೋದಲ್ಲಿ ಕೆಲಸದಲ್ಲಿರುವ ನನ್ನ ಅಕ್ಕನ ಮಗ, “ಚಿಕ್ಕಮ್ಮ, ಜೂನ್ ಕೊನೆಯ ವಾರ ಬನ್ನಿ, ಅಷ್ಟರಲ್ಲಿ ಅಲ್ಲಿನ ಮಳೆಗಾಲ ಮುಗಿದಿರುತ್ತದೆ, ರಾತ್ರಿ ಅರಳುವ ಹೂವೊಂದನ್ನೂ ನೋಡಬಹುದು” ಎಂದು ಹೇಳಿ ನಮ್ಮ ಸಂಕೋಚವನ್ನು ಬಿಡಿಸಿದ. ಅವನ ಜಪಾನೀ ಭಾಷೆಯ ಬಲವಿಲ್ಲದಿದ್ದರೆ ಮುಂದೆ ಬರೆದಿರುವುದರಲ್ಲಿ ಅರ್ಧದಷ್ಟೂ ನನಗೆ ತಿಳಿಯುತ್ತಿರಲಿಲ್ಲ.

ಮೊದಲ ದಿನ

ಬೆಂಗಳೂರಿನಿಂದ ಟೋಕಿಯೋಗೆ ನೇರ ವಿಮಾನವಿದೆ. ಅಲ್ಲೊಂದು ರಾತ್ರಿ ತಂಗಿ, ಬೆಳಿಗ್ಗೆ ಹಾನೆಡಾದಿಂದ ಇಶಿಗಾಕಿಯ ವಿಮಾನ ಹತ್ತಿದೆವು. ಮೂರು ಗಂಟೆಗೂ ಮೀರಿದ ಆ ಹಾರಾಟವೆಲ್ಲ ಒಂದೇ ದೇಶದೊಳಗಿನದು ಎಂದು ನಂಬುವುದು ಕಷ್ಟ. ಇಶಿಗಾಕಿಗೆ ಟೋಕಿಯೋಗಿಂತ ತೈಪೆಯೇ ಎಷ್ಟೋ ಹತ್ತಿರ. ಈ ದ್ವೀಪಗಳು ರ್‍ಯುಕ್ಯು ಎಂಬ ಪ್ರತ್ಯೇಕ ರಾಜ್ಯಕ್ಕೆ ಸೇರಿದ್ದವು. 1879ರಲ್ಲಿ ಜಪಾನ್ ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಎರಡನೆಯ ಮಹಾಯುದ್ಧದ ನಂತರ 1972ರವರೆಗೆ ಅಮೆರಿಕದ ಆಡಳಿತವಿತ್ತು. ಆ ಕಾಲದಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತಿದ್ದವು. ಅವು ಎಡಕ್ಕೆ ಬದಲಾದ 1978ರ ಜುಲೈ 30ರ ನೆನಪಿಗೆ ಇಶಿಗಾಕಿಯ ಒಂದು ವೃತ್ತದಲ್ಲಿ ಕಲ್ಲು ನೆಟ್ಟಿದ್ದಾರೆ.

ಇಶಿಗಾಕಿಯ ಬಂದರು ನಮ್ಮ ದಾವಣಗೆರೆಯ ಬಸ್ ನಿಲ್ದಾಣದಷ್ಟೇ ಚಟುವಟಿಕೆಯ ಜಾಗ. ಸುತ್ತಲಿನ ದ್ವೀಪಗಳಿಗೆಲ್ಲ ಇಲ್ಲಿಂದಲೇ ದೋಣಿ. ಇರಿಯೊಮೊಟೆಗೆ ಎರಡು ಬಂದರುಗಳಿವೆ: ಉತ್ತರದಲ್ಲಿ ಉಯೆಹರಾ, ಆಗ್ನೇಯದಲ್ಲಿ ಓಹರಾ. ಚಳಿಗಾಲದಲ್ಲಿ ಬಡಗಣ ಗಾಳಿ ಬೀಸಿ ಸಮುದ್ರ ಎದ್ದರೆ ಉಯೆಹರಾದ ದೋಣಿಗಳು ಆಗಾಗ್ಗೆ ರದ್ದಾಗುತ್ತವೆ. ಆಗ ಓಹರಾದಲ್ಲಿ ಇಳಿದು ಬಸ್ಸಿನಲ್ಲಿ ಉತ್ತರಕ್ಕೆ ಹೋಗಬೇಕಾಗುತ್ತದೆ. ನಾವು ಹೋದ ದಿನ ತೆಂಕಣ ಗಾಳಿ ಹಿತವಾಗಿ ಬೀಸುತ್ತಿತ್ತು. ಮುಕ್ಕಾಲು ಗಂಟೆಯ ದಾರಿಯ ಬಹುಪಾಲು ಹವಳದ ದಿಬ್ಬಗಳ ಮೇಲಿನ ತಿಳಿನೀರಿನಲ್ಲೇ ಸಾಗುವುದರಿಂದ ತಳದ ಬಿಳುಪು ಕಾಣುತ್ತಲೇ ಇರುತ್ತದೆ. ಆಮೇಲೆ ಎದುರಿಗೆ ಕಪ್ಪುಹಸಿರಿನ ಬೆಟ್ಟಸಾಲು ಏಳುತ್ತದೆ. ಅತಿ ಎತ್ತರದ ಶಿಖರವೂ 470 ಮೀಟರ್ ಮುಟ್ಟುವುದಿಲ್ಲ. ಆದರೆ ತೀರದಿಂದ ತುದಿಯವರೆಗೆ ಒಂದು ಅಂಗೈಯಗಲ ಬಂಡೆಯೂ ಬರಿದಾಗಿ ಕಾಣದ ಬೆಟ್ಟವನ್ನು ಕಲ್ಲಿನ ಕೋಟೆಯ ಊರಿನಿಂದ ಬಂದವರು ಹೇಗೆ ನೋಡುತ್ತಾರೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಯಜಮಾನರು ದೋಣಿಯ ಹಿಂಭಾಗದಲ್ಲಿ ನಿಂತವರು ಬಂದರು ಮುಟ್ಟುವವರೆಗೂ ಕೂರಲಿಲ್ಲ.

ಸಂಜೆ ಉಯೆಹರಾದ ಸಮೀಪದ ಹೊಶಿಜುನಾ ಎಂಬ ಕಡಲತೀರಕ್ಕೆ ನಡೆದೆವು. ಅಂಚಿನುದ್ದಕ್ಕೂ ಕೇದಗೆಯ ಮೆಳೆ. ಇಲ್ಲಿನ ಮರಳನ್ನು ಒದ್ದೆ ಅಂಗೈಗೆ ಒತ್ತಿ ನೋಡಿದರೆ ಐದಾರು ಚೂಪುಗಳುಳ್ಳ ನಕ್ಷತ್ರಗಳು ಅಂಟಿಕೊಳ್ಳುತ್ತವೆ. ಇವು ಮರಳಿನ ಕಣಗಳಲ್ಲ. ಹವಳದ ದಂಡೆಯ ಪಾಚಿಯ ನಡುವೆ ಬದುಕುವ ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳು ಕಟ್ಟಿಕೊಂಡ ಸುಣ್ಣದ ಚಿಪ್ಪುಗಳು. ಜೀವಿ ಸತ್ತ ಮೇಲೆ ಚಿಪ್ಪು ಅಲೆಯೊಂದಿಗೆ ತೀರಕ್ಕೆ ಬರುತ್ತದೆ. ಮೂವತ್ತು ವರ್ಷ ಸೂಕ್ಷ್ಮದರ್ಶಕದ ಕೆಳಗೆ ತೋರಿಸಿದ್ದನ್ನು ಬರಿಗಣ್ಣಿನಿಂದ, ಅದೂ ಮೊಗೆದಷ್ಟೂ ಮುಗಿಯದಂತೆ ಕಂಡಾಗ ನನ್ನ ವಿದ್ಯಾರ್ಥಿಗಳೆಲ್ಲ ಜೊತೆಗಿರಬೇಕಿತ್ತು ಅನ್ನಿಸಿತು.

ಎರಡನೆಯ ದಿನ

ಉರಾವುಚಿ ಒಕಿನಾವಾ ಪ್ರಾಂತ್ಯದ ಅತಿ ಉದ್ದದ ನದಿ. ಉದ್ದವೆಂದರೂ 19 ಕಿಲೋಮೀಟರಿನೊಳಗೆ. ನಮ್ಮ ವೇದಾವತಿಗೆ ಹೋಲಿಸಿದರೆ ಇದು ಹಳ್ಳ. ಆದರೆ ವೇದಾವತಿಯಲ್ಲಿ ಮರಳು ಕಾಣುವಲ್ಲೆಲ್ಲ ಇಲ್ಲಿ ನೀರಿದೆ, ಆ ನೀರು ದಡದಿಂದ ದಡಕ್ಕೆ ತುಂಬಿಕೊಂಡಿದೆ. ಅಳಿವೆಯ ಬಳಿಯ ಸೇತುವೆಯ ಪಕ್ಕದಿಂದ ಹೊರಡುವ ಯಂತ್ರದೋಣಿ ಅರ್ಧ ಗಂಟೆಯಲ್ಲಿ ಎಂಟು ಕಿಲೋಮೀಟರ್ ಮೇಲಕ್ಕೆ, ಯುದ್ಧನೌಕೆಯ ಆಕಾರದ ಬಂಡೆಯೊಂದರ ತನಕ ಒಯ್ಯುತ್ತದೆ.

ಈ ಅರ್ಧ ಗಂಟೆಯಲ್ಲಿ ಸಸ್ಯಲೋಕ ಬದಲಾಗುವ ಕ್ರಮವನ್ನು ಗಮನಿಸುವುದು ನನ್ನ ಪಾಲಿಗೆ ಇಡೀ ಪ್ರವಾಸದ ಮುಖ್ಯ ಭಾಗ. ಜಪಾನಿನಲ್ಲಿರುವ ಏಳು ಬಗೆಯ ಕಾಂಡ್ಲಾ ಗಿಡಗಳೂ ಈ ದ್ವೀಪದಲ್ಲಿ ಸಿಗುತ್ತವೆ. ಉಪ್ಪುನೀರಿಗೆ ಹತ್ತಿರವಾಗಿ ರೈಜೋಫೊರಾ, ಕಾಂಡದಿಂದ ಬಿಲ್ಲುಗಳಂತೆ ಬಾಗಿ ಕೆಸರಿಗಿಳಿದ ಊರುಗೋಲು ಬೇರುಗಳ ಮೇಲೆ ನಿಂತಿದೆ. ಒಳಕ್ಕೆ ಬಂದಂತೆ ಬ್ರುಗೀರಾ ಹೆಚ್ಚುತ್ತದೆ. ಅದರ ಬೇರುಗಳು ಮಂಡಿ ಮಡಚಿದ ಹಾಗೆ ಕೆಸರಿನಿಂದ ಮೇಲೆದ್ದು ಉಸಿರಾಡಿ ಮತ್ತೆ ಒಳಗಿಳಿಯುತ್ತವೆ. ಎರಡೂ ಜಾತಿಗಳಲ್ಲಿ ಬೀಜ ತಾಯಿಮರದ ಮೇಲಿರುವಾಗಲೇ ಮೊಳೆತು, ಕೋಲುದ್ದದ ಸಸಿಯಾಗಿ ತೂಗಾಡಿ, ಬಲಿತ ಮೇಲೆ ಉದುರುತ್ತದೆ. ಇಳಿತದ ಹೊತ್ತಿನಲ್ಲಿ ಉದುರಿದ್ದು ಅಲ್ಲೇ ಕೆಸರಿಗೆ ನಾಟಿಕೊಳ್ಳುವುದುಂಟು. ಉಬ್ಬರದಲ್ಲಿ ಉದುರಿದ್ದು ತೇಲಿ ಮತ್ತೊಂದು ದಡ ಹುಡುಕುತ್ತದೆ. ಉಬ್ಬರದ ಉಪ್ಪು ತಲುಪುವ ಮಿತಿ ಮುಗಿದಂತೆ ಕಾಂಡ್ಲಾ ತೆಳುವಾಗಿ, ಓಕ್ ಜಾತಿಯ ಮರಗಳೂ ಮರದೆತ್ತರದ ಜರಿಗಿಡಗಳೂ ನೀರಿನ ಮೇಲೆ ಬಾಗುತ್ತವೆ. ಸಿಹಿನೀರು ಉಪ್ಪುನೀರು ಬೆರೆಯುವ ಈ ನದಿಯಲ್ಲಿ ಸುಮಾರು ನಾನೂರು ಬಗೆಯ ಮೀನುಗಳಿವೆಯೆಂದು ದೋಣಿ ನಡೆಸುವವರು ಹೇಳಿದರು. ಅವರು ಮಾತಾಡುತ್ತಿದ್ದಾಗಲೇ ದಡದ ಒಣ ಕೊಂಬೆಯ ಮೇಲೆ ಜುಟ್ಟಿನ ಹಾವುಗಿಡುಗವೊಂದು ಕುಳಿತಿತ್ತು. ನಮ್ಮ ಜೋಗಿಮಟ್ಟಿಯ ಕಾಡಿನ ಮೇಲೆ ಸಿಳ್ಳೆ ಹಾಕುತ್ತ ಸುತ್ತುವ ಹಾವುಗಿಡುಗದ ಜಾತಿಯೇ ಅದು. ಮೈ ಮಾತ್ರ ಕೊಂಚ ಸಣ್ಣದು.

ದೋಣಿ ಇಳಿದ ಮೇಲೆ ಕಾಲುದಾರಿ. ಮುಕ್ಕಾಲು ಗಂಟೆಯೊಳಗೆ ಮಾರಿಯುದು ಜಲಪಾತ ಕಾಣುವ ಅಟ್ಟಣೆ ಸಿಗುತ್ತದೆ. ಜಪಾನಿನ ನೂರು ಉತ್ತಮ ಜಲಪಾತಗಳ ಪಟ್ಟಿಯಲ್ಲಿರುವ ಇದು ಎತ್ತರಕ್ಕಿಂತ ಅಗಲಕ್ಕೆ ಹೆಸರಾದದ್ದು. ದೊಡ್ಡ ದುಂಡು ಮಡುವಿಗೆ ಮೆಟ್ಟಿಲು ಮೆಟ್ಟಿಲಾಗಿ ನೀರು ಇಳಿಯುತ್ತದೆ. ಮಡುವಿನ ಹತ್ತಿರಕ್ಕೆ ಹೋಗಲು ಈಗ ಬಿಡುವುದಿಲ್ಲ. ಇನ್ನೂ ಸ್ವಲ್ಪ ಮೇಲಕ್ಕೆ ಹೋದರೆ ಕಾನ್‌ಪಿರೆ, ಅಗಲವಾದ ಮರಳುಗಲ್ಲಿನ ಹಾಸು. ನೀರಿನೊಂದಿಗೆ ಸುತ್ತಿದ ಕಲ್ಲುಗಳು ಕೊರೆದ ದುಂಡು ಗುಂಡಿಗಳು ಹಾಸಿನ ತುಂಬ ಇವೆ. ಊರಿನವರು ಇದನ್ನು ದೇವರುಗಳು ಕೂಡುವ ಜಾಗವೆಂದು ನಂಬುತ್ತಾರೆ. ಯಜಮಾನರು ಚಪ್ಪಲಿ ಬಿಟ್ಟು, ಕಾಲು ತೊಳೆದು, ಕೈಮುಗಿದು, ಆಮೇಲೆ ದಾವಣಗೆರೆಯ ಮಂಡಕ್ಕಿಗೆ ಚಟ್ನಿಪುಡಿ ಕಲಸಿದರು. ಇಲ್ಲಿಂದ ದ್ವೀಪವನ್ನು ಅಡ್ಡಹಾಯುವ ದುರ್ಗಮ ದಾರಿಯೊಂದು ಮುಂದುವರಿಯುತ್ತದೆ. ಅದನ್ನು ಹಿಡಿಯುವವರು ಮೊದಲೇ ಪೊಲೀಸರಿಗೆ ತಿಳಿಸಿರಬೇಕು. ನಾವು ಬಂದ ದಾರಿಯಲ್ಲೇ ಮರಳಿದೆವು. ಕಾಲಿಗೆ ಹತ್ತಿದ ಇಂಬಳಗಳನ್ನು ದೋಣಿಯಲ್ಲಿ ಕೂತು ಬಿಡಿಸಿಕೊಂಡೆವು.

ಮೂರನೆಯ ದಿನ

ಪಿನಾಯ್‌ಸಾರಾ ಸುಮಾರು 55 ಮೀಟರ್ ಎತ್ತರದಿಂದ ಬೀಳುವ, ಒಕಿನಾವಾ ಪ್ರಾಂತ್ಯದಲ್ಲೇ ಅತಿ ಎತ್ತರದ ಜಲಪಾತ. ಅಲ್ಲಿಗೆ ಹೋಗುವ ಹಿನಾಯ್ ನದಿಯ ಪ್ರದೇಶಕ್ಕೆ ಈಗ ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ, ಪರವಾನಗಿ ಪಡೆದ ಮಾರ್ಗದರ್ಶಿಯ ಜೊತೆಯಲ್ಲೇ ಹೋಗಬೇಕೆಂಬ ನಿಯಮವಿದೆ. 2021ರ ಜುಲೈನಲ್ಲಿ ಅಮಾಮಿ-ಓಶಿಮಾ, ತೊಕುನೊಶಿಮಾ, ಒಕಿನಾವಾದ ಉತ್ತರ ಭಾಗ ಮತ್ತು ಇರಿಯೊಮೊಟೆಗಳನ್ನು ಒಟ್ಟಾಗಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ, ಬರುವವರ ಸಂಖ್ಯೆ ಕಾಡು ತಾಳುವಷ್ಟರೊಳಗೇ ಇರಬೇಕೆಂಬ ಎಚ್ಚರ ಬಲವಾಯಿತು. ಪಟ್ಟಿಗೆ ಸೇರಿದ ಮರುದಿನದಿಂದಲೇ ಜನಜಂಗುಳಿಯನ್ನು ಹೆಮ್ಮೆಯ ಲೆಕ್ಕವಾಗಿ ಹೇಳಿಕೊಳ್ಳುವ ಜಾಗಗಳನ್ನು ನಾನು ಕಂಡಿದ್ದೇನೆ. ಬಾಗಿಲಲ್ಲೇ ನಿಂತು ಇಂದಿಗೆ ಇಷ್ಟು ಸಾಕು ಎನ್ನುವ ಧೈರ್ಯ ನನಗೆ ಹೆಚ್ಚು ಗೌರವದ್ದಾಗಿ ಕಾಣುತ್ತದೆ.

ಮಾರ್ಗದರ್ಶಿ ನಮ್ಮ ಮಗಳ ವಯಸ್ಸಿನ ಹೆಣ್ಣುಮಗಳು. ಕಯಾಕಿಗೆ ಇಳಿಯುವ ಮೊದಲು ಬೂಟಿನ ಅಡಿಯನ್ನು ಉಜ್ಜಿ ತೊಳೆಯಿಸಿದಳು. ಹೊರಗಿನ ಬೀಜ, ಮೊಟ್ಟೆ ಒಳಗೆ ಬರಬಾರದು. ಉಬ್ಬರ ಇಳಿಯುವ ಮೊದಲೇ ಮರಳಬೇಕಾದ್ದರಿಂದ ಗಡಿಯಾರ ನೋಡಿಕೊಂಡೇ ಹೊರಟೆವು. ಹುಟ್ಟು ಹಾಕುವುದು ಬೇಗ ಕೈಗೆ ಹತ್ತಿತು. ಬೇರುಗಳ ನಡುವೆ ಒಂದೇ ಚಿಮಟ ದೊಡ್ಡದಾದ ಗಂಡು ಏಡಿಗಳು ಅದನ್ನು ಎತ್ತಿ ಇಳಿಸುತ್ತಿದ್ದವು, ಕೆಸರಿನ ಮೇಲೆ ಕುಪ್ಪಳಿಸುವ ಮೀನುಗಳು ನಮ್ಮ ನೆರಳಿಗೆ ಚೆದುರುತ್ತಿದ್ದವು. ದಡ ಹತ್ತಿ ಕಾಡಿನೊಳಗೆ ನಡೆದಾಗ ಮುಂಡಿಗೆಸು ನನ್ನ ಎದೆಯುದ್ದ ಬೆಳೆದಿತ್ತು. ಸಕಿಶಿಮಾ ಹಬು ಎಂಬ ವಿಷದ ಹಾವು ಇಲ್ಲಿ ಇದೆಯೆಂದು ಹೇಳಿ, ಕೈಯನ್ನು ಎಲ್ಲಿ ಊರಬೇಕೆಂದು ಆಕೆ ಪ್ರತಿ ತಿರುವಿನಲ್ಲೂ ತೋರಿಸಿದಳು. ಜಲಪಾತದ ನೆತ್ತಿಯನ್ನು ಹತ್ತಿದಾಗ ಕೆಳಗೆ ಕಾಂಡ್ಲಾ ಬಯಲು, ಆಚೆ ಕೊಲ್ಲಿ, ಅದರಾಚೆ ಚಪ್ಪಟೆಯಾದ ಹತೊಮಾ ದ್ವೀಪ. ನಮ್ಮ ಬೆಟ್ಟಗಳ ಮೇಲಿನಿಂದ ದೂರಕ್ಕೆ ನೋಡುವ ಅಭ್ಯಾಸವಿರುವ ನನಗೆ, ಕಾಡು ಕಡಲುಗಳ ಇಷ್ಟು ದೊಡ್ಡ ನೋಟ ಹೊಸದು.

ನಾಲ್ಕನೆಯ ದಿನ

ಜಪಾನಿಗೆಲ್ಲ ಒಂದೇ ಗಡಿಯಾರವಾದ್ದರಿಂದ ಈ ಪಶ್ಚಿಮದ ತುದಿಯಲ್ಲಿ ಬೇಸಿಗೆಯಲ್ಲೂ ಸೂರ್ಯ ಮೂಡುವುದು ಆರರ ಹೊತ್ತಿಗೆ. ಅದಕ್ಕೂ ಮೊದಲೇ ಸಣ್ಣ ಹೊಳೆಯೊಂದಕ್ಕೆ ಕಯಾಕ್ ಇಳಿಸಿದೆವು. ಸಗರಿಬಾನಾ ಎಂದು ಅಲ್ಲಿ ಕರೆಯುವ ಮರ ಬ್ಯಾರಿಂಗ್ಟೋನಿಯಾ ರೆಸಿಮೋಸಾ. ನಮ್ಮ ಪಶ್ಚಿಮ ಕರಾವಳಿಯ ಹಿನ್ನೀರುಗಳ ಅಂಚಿನಲ್ಲೂ ಇರುವ ಜಾತಿ. ಉದ್ದನೆಯ ತೂಗುಗೊಂಚಲಿನಲ್ಲಿ ಮೊಗ್ಗುಗಳು ಕತ್ತಲಾದ ಮೇಲೆ ಬಿರಿಯುತ್ತವೆ. ದಳಗಳಿಗಿಂತ ಕೇಸರಗಳ ಬಿಳಿ, ನಸುಗೆಂಪು ಕುಚ್ಚೇ ಹೂವಿನ ಸೊಬಗು. ರಾತ್ರಿಯೆಲ್ಲ ಪತಂಗಗಳನ್ನು ಕರೆದ ಗಂಧ ಬೆಳಗಿನ ಹೊತ್ತಿಗೂ ನೀರಿನ ಮೇಲೆ ನಿಂತಿತ್ತು. ಬೆಳಕು ಹರಿದಂತೆ ಹೂಗಳು ಒಂದೊಂದಾಗಿ ಉದುರಿ, ಕೇಸರ ಮೇಲಾಗಿ ತೇಲುತ್ತ ನಮ್ಮ ಕಯಾಕಿನ ಸುತ್ತ ಸೇರಿಕೊಂಡವು. ಬಿಸಿಲೇರುವ ಹೊತ್ತಿಗೆ ಗೊಂಚಲುಗಳಲ್ಲಿ ಹೂವೇ ಉಳಿದಿರಲಿಲ್ಲ.

ಅಂದು ಮಧ್ಯಾಹ್ನ ಕಂಡದ್ದು ಬೇರೆಯದೇ ಲೋಕ. ಉರಾವುಚಿಯ ಉಪನದಿ ಉತಾರಾದ ದಡದಲ್ಲಿ 1936ರಲ್ಲಿ ಶುರುವಾದ ಕಲ್ಲಿದ್ದಲ ಗಣಿಯೊಂದರ ಅವಶೇಷಗಳಿವೆ. ಕಾಡಿನಲ್ಲಿ ಇಪ್ಪತ್ತು ನಿಮಿಷ ನಡೆದರೆ, ಗಾಡಿಹಳಿಯ ಮೇಲ್ಸೇತುವೆಯನ್ನು ಹೊತ್ತಿದ್ದ ಇಟ್ಟಿಗೆಯ ಕಂಬಗಳು ಸಾಲಾಗಿ ನಿಂತಿರುವುದು ಕಾಣುತ್ತದೆ. ಗೋಳಿ ಜಾತಿಯ ಗಜುಮಾರು ಮರ ಪ್ರತಿ ಕಂಬವನ್ನೂ ಬೇರುಗಳಿಂದ ಬಿಗಿದು ಹಿಡಿದಿದೆ. ಇಟ್ಟಿಗೆಯನ್ನು ಮರ ಹಿಡಿದು ನಿಲ್ಲಿಸಿದೆಯೋ ಮರವನ್ನು ಇಟ್ಟಿಗೆಯೋ ಎಂದು ಹೇಳಲಾಗದು. ಈ ದ್ವೀಪದಲ್ಲಿ ಗಣಿಗಾರಿಕೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಕೈದಿಗಳ ದುಡಿಮೆಯಿಂದ ಆರಂಭವಾಗಿತ್ತು. ಆಮೇಲೆ ಜಪಾನಿನ ಬೇರೆ ಭಾಗಗಳಿಂದಲೂ ತೈವಾನಿನಿಂದಲೂ ಒಳ್ಳೆಯ ಸಂಬಳದ ಆಸೆ ತೋರಿಸಿ ಜನರನ್ನು ಕರೆತರಲಾಯಿತು. ಕೂಲಿಯನ್ನು ಹಣವಾಗಿ ಕೊಡದೆ, ಗಣಿಯ ಅಂಗಡಿಯಲ್ಲಷ್ಟೇ ನಡೆಯುವ ಚೀಟಿಗಳಾಗಿ ಕೊಡುತ್ತಿದ್ದರು. ಬಂದ ಪ್ರಯಾಣದ ಖರ್ಚೂ ಸಾಲವಾಗಿ ಬರೆದಿರುತ್ತಿತ್ತು. ಸುತ್ತ ಸಮುದ್ರ, ಒಳಗೆ ಕಾಡು, ಕಾಡಿನ ತುಂಬ ಮಲೇರಿಯಾ, ತಪ್ಪಿಸಿಕೊಂಡು ಹೋಗುವುದೆಲ್ಲಿಗೆ? ಅವರ ನೆನಪಿಗೆ ನಿಲ್ಲಿಸಿದ ಕಲ್ಲಿನ ಮುಂದೆ ಯಾರೋ ಒಂದು ಬಾಟಲಿ ನೀರು ಇಟ್ಟು ಹೋಗಿದ್ದರು.

ಬಳ್ಳಾರಿಯ ಗಡಿಯಿಂದ ಹೊಳಲ್ಕೆರೆ, ಹೊಸದುರ್ಗದವರೆಗೆ ಕಬ್ಬಿಣದ ಅದಿರಿನ ಗಣಿಗಳು ಬೆಟ್ಟಗಳನ್ನು ಏನು ಮಾಡಿವೆಯೆಂದು ಕಂಡವರು ನಾವು. ಉತಾರಾದ ಕಂಬಗಳ ನಡುವೆ ನಿಂತಾಗ ಯಜಮಾನರು ಕೇಳಿದ್ದು ಇಷ್ಟೇ: “ಗಣಿ ನಿಂತು ಎಷ್ಟು ವರ್ಷವಾಯಿತು?” ಯುದ್ಧದ ಕಾಲದಲ್ಲಿ ನಿಂತದ್ದು, ಎಂಬತ್ತು ವರ್ಷದ ಮೇಲಾಯಿತು. ಇಷ್ಟು ಮಳೆಯಿರುವಲ್ಲಿ ಕಾಡು ಮರಳಿ ಬರಲು ಅಷ್ಟು ವರ್ಷ ಸಾಕಾಗಿದೆ. ನಮ್ಮ ಒಣನೆಲದಲ್ಲಿ ಒಮ್ಮೆ ಹೋದ ಕುರುಚಲು ಕಾಡು ಇದೇ ವೇಗದಲ್ಲಿ ಮರಳುತ್ತದೆಂದು ಯಾರೂ ಎಣಿಸಬಾರದು.

ದ್ವೀಪದ ಮುಖ್ಯ ರಸ್ತೆ ಪೂರ್ತಿ ಸುತ್ತು ಹಾಕುವುದಿಲ್ಲ. ಆಗ್ನೇಯದಿಂದ ಹೊರಟು ಉತ್ತರದ ಅಂಚು ಹಿಡಿದು ಪಶ್ಚಿಮದ ಶಿರಾಹಾಮಾದಲ್ಲಿ ಮುಗಿದುಬಿಡುತ್ತದೆ. ಅಲ್ಲಿಂದಾಚೆಯ ಫುನಾವುಕಿ ಎಂಬ ಹಳ್ಳಿಗೆ ಇದೇ ದ್ವೀಪದಲ್ಲಿದ್ದೂ ರಸ್ತೆಯಿಲ್ಲ. ಸಂಜೆಯ ದೋಣಿಯಲ್ಲಿ ಹತ್ತು ನಿಮಿಷದಲ್ಲಿ ಅಲ್ಲಿಗೆ ಹೋಗಿ, ಬೆರಳೆಣಿಕೆಯ ಮನೆಗಳ ಬೀದಿಯನ್ನು ನೋಡಿ, ಕಾಡಿನ ಕಿರುದಾರಿಯಲ್ಲಿ ದಾಟಿ ಇದಾ ಎಂಬ ಕಡಲತೀರದಲ್ಲಿ ಕೂತು ಬಂದೆವು.

ಐದನೆಯ ದಿನ

ಬಾಡಿಗೆ ಕಾರಿನಲ್ಲಿ ಪೂರ್ವಕ್ಕೆ ಹೊರಟೆವು. ಊರಿನ ಹೊರಗೆ ಗಂಟೆಗೆ 40 ಕಿಲೋಮೀಟರ್ ವೇಗದ ಮಿತಿ, ಮತ್ತೆ ಮತ್ತೆ ಬೆಕ್ಕಿನ ಚಿತ್ರದ ಹಳದಿ ಫಲಕ. ಇರಿಯೊಮೊಟೆ ಕಾಡುಬೆಕ್ಕು ಲೋಕದಲ್ಲಿ ಈ ಒಂದು ದ್ವೀಪದಲ್ಲಷ್ಟೇ ಇದೆ. ಊರವರಿಗೆ ಮೊದಲಿನಿಂದಲೂ ಗೊತ್ತಿದ್ದ ಈ ಪ್ರಾಣಿ ಹೊರಗಿನ ವಿಜ್ಞಾನಿಗಳ ಕೈಗೆ ಆಧಾರ ಸಮೇತ ತಲುಪಿದ್ದು 1965ರಲ್ಲಿ, ಲೇಖಕ ತೊಗಾವಾ ಯುಕಿಯೊ ಅವರ ಮೂಲಕ. ಪ್ರಾಣಿಶಾಸ್ತ್ರಜ್ಞ ಇಮಾಯಿಜುಮಿ ಯೊಶಿನೊರಿ 1967ರಲ್ಲಿ ಅದನ್ನು ವಿವರಿಸಿದರು. ನಮ್ಮ ಪಶ್ಚಿಮ ಘಟ್ಟದ ಚಿರತೆ ಬೆಕ್ಕಿನ ಬಳಗಕ್ಕೇ ಸೇರಿದ ಇದರ ಸಂಖ್ಯೆ ಈಗ ನೂರರ ಆಸುಪಾಸು. ಬೆಕ್ಕುಗಳ ಸಹಜ ಆಹಾರವಾದ ಇಲಿಜಾತಿ ಈ ದ್ವೀಪಕ್ಕೆ ಮೂಲದಲ್ಲಿ ಸೇರಿದ್ದಲ್ಲ. ಆದ್ದರಿಂದ ಕಪ್ಪೆ, ಹಲ್ಲಿ, ಹಕ್ಕಿ, ಹಾವು, ಹಳ್ಳದ ಸೀಗಡಿಯವರೆಗೆ ಸಿಕ್ಕಿದ್ದನ್ನೆಲ್ಲ ತಿಂದು ಬದುಕುವುದನ್ನು ಇದು ಕಲಿತಿದೆ. ಬೆಟ್ಟದ ಬುಡದ ಜೌಗು, ಗದ್ದೆಯಂಚುಗಳಲ್ಲೇ ಇದರ ಊಟ. ರಸ್ತೆಯೂ ಅಲ್ಲೇ ಹಾದುಹೋಗಿದೆ. ವಾಹನಕ್ಕೆ ಸಿಕ್ಕಿ ಸಾಯುವುದೇ ಇದಕ್ಕಿರುವ ದೊಡ್ಡ ಗಂಡಾಂತರ.

1995ರಿಂದ ನಡೆಯುತ್ತಿರುವ ವನ್ಯಜೀವಿ ಸಂರಕ್ಷಣಾ ಕೇಂದ್ರದಲ್ಲಿ ಈ ವಿಷಯವನ್ನೆಲ್ಲ ವಿವರವಾಗಿ ತೋರಿಸಿದ್ದಾರೆ. ರಸ್ತೆಯ ಅಡಿಯಲ್ಲಿ ಪ್ರಾಣಿಗಳು ದಾಟಲೆಂದು ನೂರಕ್ಕೂ ಹೆಚ್ಚು ಸುರಂಗಗಳಿವೆ. ರಸ್ತೆಬದಿಯ ಚರಂಡಿಗೆ ಬಿದ್ದ ಏಡಿ, ಕಪ್ಪೆ ಹತ್ತಿ ಬರಲೆಂದು ಗೋಡೆಯನ್ನು ಇಳಿಜಾರಾಗಿ ಕಟ್ಟಿದ್ದಾರೆ. ಮನೆಯ ಬೆಕ್ಕಿನಿಂದ ಕಾಡುಬೆಕ್ಕಿಗೆ ರೋಗ ಹರಡಬಾರದೆಂದು ಸಾಕುಬೆಕ್ಕುಗಳ ನೋಂದಣಿ ಕಡ್ಡಾಯ. ಬೆಕ್ಕನ್ನು ನಾವು ನೋಡಲಿಲ್ಲ, ನೋಡಬೇಕೆಂದು ಹುಡುಕಲೂ ಇಲ್ಲ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗೆಂದೇ ಒಂದು ಅಭಯಾರಣ್ಯವಿದೆ. ನಾಲ್ಕು ಕೊಂಬಿನ ಆ ನಾಚಿಕೆಯ ಜೀವ ನಮ್ಮ ಕುರುಚಲು ಕಾಡಿನ ಸಂಪತ್ತು. ಅದರ ಸುತ್ತಲಿನ ರಸ್ತೆಗಳಲ್ಲಿ ಕತ್ತಲಾದ ಮೇಲೆ ವಾಹನ ನಿಧಾನವಾಗಲಿ, ಅದಕ್ಕೂ ಒಂದು ಫಲಕವಿರಲಿ, ಶಾಲೆಯ ಮಕ್ಕಳಿಗೆ ಅದರ ಹೆಸರಾದರೂ ತಿಳಿದಿರಲಿ ಎಂದು ಅಂದು ಎಷ್ಟು ತೀವ್ರವಾಗಿ ಬಯಸಿದೆನೆಂದರೆ, ಊರಿಗೆ ಮರಳಿದ ಮೇಲೆ ಮಾಡಿದ ಮೊದಲ ಕೆಲಸವೇ ಅರಣ್ಯ ಇಲಾಖೆಗೆ ಬರೆಯುವುದಾಯಿತು.

ಸಮೀಪದಲ್ಲೇ ಯುಬು ಎಂಬ ಪುಟ್ಟ ದ್ವೀಪಕ್ಕೆ ಎಮ್ಮೆಗಾಡಿಯಲ್ಲಿ ದಾಟಬೇಕು. ಸುಮಾರು 400 ಮೀಟರ್ ಅಗಲದ ಆಳವಿಲ್ಲದ ಸಮುದ್ರ. ತೈವಾನಿನ ವಲಸಿಗರೊಂದಿಗೆ ಬಂದ ತಳಿಯ ಎಮ್ಮೆಗಳು ಚಾವಣಿಯುಳ್ಳ ಗಾಡಿಯನ್ನು ಕಾಲು ಗಂಟೆಯಲ್ಲಿ ಎಳೆದು ಮುಟ್ಟಿಸುತ್ತವೆ. ಗಾಡಿ ಹೊಡೆಯುವ ಹಿರಿಯರು ಮೂರು ತಂತಿಯ ಸನ್‌ಶಿನ್ ನುಡಿಸಿ ಹಾಡಿದರು, ಎಮ್ಮೆಗೆ ಒಂದು ಪೆಟ್ಟೂ ಕೊಡಲಿಲ್ಲ. ಯಜಮಾನರು ಇಳಿದವರೇ ಎಮ್ಮೆಯ ಕೊಂಬಿನ ಬುಡ ಕೆರೆದು, ಗೊರಸು ನೋಡಿ, ಚೆನ್ನಾಗಿ ಸಾಕಿದ್ದಾರೆ ಎಂದು ತೃಪ್ತರಾದರು. ಸೊಳ್ಳೆ ಕಡಿಮೆಯೆಂಬ ಕಾರಣಕ್ಕೆ ಜನ ಯುಬುವಿನಲ್ಲಿ ವಾಸವಿದ್ದು, ಬೇಸಾಯಕ್ಕೆ ಇರಿಯೊಮೊಟೆಗೆ ದಾಟಿ ಬರುತ್ತಿದ್ದ ಕಾಲವಿತ್ತು. 1969ರ ಚಂಡಮಾರುತದಲ್ಲಿ ದ್ವೀಪ ಮುಳುಗಿ ಬಹುತೇಕರು ಬಿಟ್ಟುಹೋದರು. ಉಳಿದ ಒಂದು ದಂಪತಿ ಎಮ್ಮೆಗಾಡಿಯಲ್ಲಿ ಮಣ್ಣು ಗೊಬ್ಬರ ಹೊತ್ತು ಗಿಡ ನೆಟ್ಟು ಬೆಳೆಸಿದ್ದೇ ಇಂದಿನ ಸಸ್ಯೋದ್ಯಾನ.

ಮಧ್ಯಾಹ್ನ ನಕಾಮಾ ನದಿಯ ದೋಣಿ ಹಿಡಿದೆವು. ಜಪಾನಿನ ಅತಿ ವಿಶಾಲ ಕಾಂಡ್ಲಾ ಕಾಡು ಇದರ ದಡದಲ್ಲಿದೆ. ಇಲ್ಲಿ ಸುಮಾರು ನಾನೂರು ವರ್ಷದ ಸಕಿಶಿಮಾಸುವೊ ಮರವೊಂದಿದೆ. ಹೆರಿಟಿಯೆರಾ ಲಿಟೊರಾಲಿಸ್ ಜಾತಿಯ ಆ ಮರದ ಹಲಗೆಬೇರುಗಳು ಆಳೆತ್ತರ ಮೀರಿ ಎದ್ದು, ನೆರಿಗೆ ನೆರಿಗೆಯಾಗಿ ನೆಲದ ಮೇಲೆ ಹರಿದಿವೆ. ಇನ್ನೊಂದೆಡೆ ಯಾಯೆಯಾಮಾ ತಾಳೆ. ತನ್ನ ಕುಲದಲ್ಲಿ ಇದೊಂದೇ ಜಾತಿ, ಅದೂ ಇಶಿಗಾಕಿ ಮತ್ತು ಇರಿಯೊಮೊಟೆಗಳಲ್ಲಷ್ಟೇ ಸಹಜವಾಗಿ ಬೆಳೆಯುತ್ತದೆ. ನೇರ ಕಾಂಡ, ನುಣುಪಾದ ಹಾಳೆ ನೋಡಿ ಯಜಮಾನರು ಅಡಿಕೆಯ ಸೋದರ ಎಂದೇ ಕರೆದರು. ಎರಡೂ ಒಂದೇ ಕುಟುಂಬದವಾದ್ದರಿಂದ ಅವರ ಮಾತಿಗೆ ನಾನು ಸಸ್ಯಶಾಸ್ತ್ರದ ಒಪ್ಪಿಗೆ ಕೊಟ್ಟೆ.

ದಕ್ಷಿಣದ ಹಾಯೆಮಿದಾ ಕಡಲತೀರಕ್ಕೆ ಹೋದದ್ದು ನನ್ನ ಒತ್ತಾಯದಿಂದ. 1945ರಲ್ಲಿ ಹತೆರುಮಾ ದ್ವೀಪದ ಜನರನ್ನು ಸೈನ್ಯದ ಆಜ್ಞೆಯ ಮೇರೆಗೆ ಬಲವಂತವಾಗಿ ಇಲ್ಲಿಗೆ ಸ್ಥಳಾಂತರಿಸಲಾಯಿತು. ಈ ತೀರದಲ್ಲಿ ಮಲೇರಿಯಾ ಇದೆಯೆಂದು ಎಲ್ಲರಿಗೂ ಗೊತ್ತಿತ್ತು. ಇಲ್ಲಿ ಜ್ವರ ಹಿಡಿದು, ಊರಿಗೆ ಮರಳಿದ ಮೇಲೂ ಅನ್ನ ಔಷಧಿಯಿಲ್ಲದೆ, ದ್ವೀಪದ ಜನರಲ್ಲಿ ಮೂರರಲ್ಲೊಂದು ಪಾಲಿನಷ್ಟು ಮಂದಿ ತೀರಿಕೊಂಡರು. ಮಕ್ಕಳಿಗೆ ಇದೇ ಬಂಡೆಗಳ ಮೇಲೆ ಪಾಠ ಹೇಳುತ್ತಿದ್ದ ಶಾಲೆಯ ಮುಖ್ಯೋಪಾಧ್ಯಾಯ ಶಿಕಿನಾ ಶಿನ್‌ಶೊ, ಜನರನ್ನು ಮರಳಿ ಕಳಿಸಲು ಮೇಲಿನವರಿಗೆ ಮೊರೆಯಿಟ್ಟು ಒಪ್ಪಿಸಿದರು; ಹೊರಡುವಾಗ ಹತೆರುಮಾದ ಜನರೇ, ಈ ಕಲ್ಲನ್ನು ಮರೆಯದಿರಿ ಎಂಬರ್ಥದ ಅಕ್ಷರಗಳನ್ನು ತೀರದ ಬಂಡೆಯಲ್ಲಿ ಕೊರೆದರು. ನಾನೂ ಪಾಠ ಹೇಳಿದವಳು. ಆ ಅಕ್ಷರಗಳ ಮುಂದೆ ಬಹಳ ಹೊತ್ತು ನಿಂತೆ. ಈ ಕಾಡನ್ನು ಯಾರೂ ಮುಟ್ಟದ ಕಾಡೆಂದು ಹೊಗಳುವುದು ಸುಲಭ, ಆದರೆ ಅದು ನಿಜವಲ್ಲ. ಇಲ್ಲಿ ಜನ ಗಣಿ ತೋಡಿದ್ದಾರೆ, ನರಳಿದ್ದಾರೆ, ಸತ್ತಿದ್ದಾರೆ. ಬದುಕಿ ಉಳಿದವರ ಮಕ್ಕಳು ಇಂದು ಬೆಕ್ಕಿಗಾಗಿ ತಮ್ಮ ಕಾರಿನ ವೇಗ ಇಳಿಸಿಕೊಂಡು ಬಾಳುತ್ತಿದ್ದಾರೆ. ಮಲೇರಿಯಾ ದ್ವೀಪವನ್ನು ಪೂರ್ತಿ ಬಿಟ್ಟುಹೋದದ್ದು 1960ರ ದಶಕದ ಆರಂಭದಲ್ಲಿ. ಹಿರಿಯೂರಿನ ಕಾಲುವೆ ಬಯಲಿನ ಚಳಿಜ್ವರದ ಕಥೆಗಳನ್ನು ನನ್ನ ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದ ನನಗೆ ಆ ಕಾಲ ತೀರ ದೂರದ್ದೆನಿಸಲಿಲ್ಲ.

ಕೊನೆಯ ದಿನ

ಓಹರಾದಿಂದ ಬೆಳಗಿನ ದೋಣಿ. ಅದಕ್ಕೆ ಮೊದಲು ಸಿಕ್ಕ ಅರ್ಧ ಗಂಟೆಯಲ್ಲಿ ಬಂದರಿನ ಅಂಗಡಿಯಲ್ಲಿ ದ್ವೀಪದ ಕಬ್ಬಿನ ಕಪ್ಪು ಬೆಲ್ಲ ಕೊಂಡೆವು. ನಮ್ಮ ಬೆಲ್ಲಕ್ಕಿಂತ ಗಟ್ಟಿ, ತುಸು ಉಪ್ಪಿನ ರುಚಿ; ಹೋಳಿಗೆಯ ಹೂರಣಕ್ಕೆ ಚೆನ್ನಾಗಿ ಹೊಂದಿತೆಂದು ಈಗ ಮಾಡಿ ನೋಡಿಯೇ ಹೇಳುತ್ತಿದ್ದೇನೆ.

ನಮ್ಮ ಕಡೆಯಿಂದ ಹೋಗಬಯಸುವವರಿಗೆ ಒಂದೆರಡು ಮಾತು. ಜಪಾನಿನ ವೀಸಾ ಮೊದಲೇ ಪಡೆದಿರಬೇಕು. ಜುಲೈನಿಂದ ಅಕ್ಟೋಬರಿನವರೆಗೆ ಚಂಡಮಾರುತಗಳು ಬರುವ ಕಾಲವಾದ್ದರಿಂದ, ದೋಣಿ ನಿಂತರೂ ತೊಂದರೆಯಾಗದಂತೆ ಮರುಪ್ರಯಾಣಕ್ಕೆ ಒಂದೆರಡು ದಿನ ಬಿಡುವು ಇಟ್ಟುಕೊಳ್ಳಬೇಕು. ಪಿನಾಯ್‌ಸಾರಾಕ್ಕೆ ಹೋಗುವವರು ಮಾರ್ಗದರ್ಶಿಯನ್ನು ಮುಂಚಿತವಾಗಿ ಗೊತ್ತುಮಾಡಿಕೊಳ್ಳಬೇಕು. ಸಸ್ಯಾಹಾರಿಗಳು ಗಮನಿಸಬೇಕಾದದ್ದು, ಅಲ್ಲಿನ ಸಾರು, ಪಲ್ಯಗಳಿಗೆಲ್ಲ ಮೀನಿನ ಕಟ್ಟು ಬೆರೆಸುವ ರೂಢಿಯಿದೆ. ತಂಗುವ ಮನೆಯವರಿಗೆ ಮೊದಲೇ ಬರೆದು ತಿಳಿಸಿದರೆ ಹಾಗಲಕಾಯಿ, ತೋಫು, ಬೆಂಡೆಕಾಯಿಯಲ್ಲಿ ಅಡುಗೆ ಮಾಡಿಕೊಡುತ್ತಾರೆ. ನಾವು ತಂಗಿದ್ದ ಮನೆಯಾಕೆ ಪ್ರತಿ ರಾತ್ರಿ ಅನ್ನದ ಜೊತೆ ಅದನ್ನೇ ಬಗೆಬಗೆಯಾಗಿ ಬಡಿಸಿದರು. ಅವಲಕ್ಕಿ, ಚಟ್ನಿಪುಡಿ ಜೊತೆಗಿದ್ದರೆ ಕಾಡಿನ ದಾರಿಯ ಮಧ್ಯಾಹ್ನಗಳಿಗೆ ಬೇರೇನೂ ಬೇಕಾಗುವುದಿಲ್ಲ.